ಗಲ್ಲಾದ ಆಚೆಯ ಗಂಟುಮುಖ

ಉದ್ಯೋಗಕ್ಕೆಂದೋ ವ್ಯಾಸಂಗಕ್ಕೆಂದೋ ಬರ್ಲಿನ್ ನಗರವನ್ನು ಸೇರಿದ ನಮ್ಮ ಕನ್ನಡಿಗರು ಮೊದಲ ಕೆಲವು ವಾರಗಳಲ್ಲಿ ಮನೆಗೆ ಫೋನ್ ಮಾಡಿ ಹೇಳಿಕೊಳ್ಳುವ ದೂರುಗಳಲ್ಲಿ ಚಳಿಯೂ, ಸಂಜೆ ನಾಲ್ಕಕ್ಕೇ ಕವಿದುಬಿಡುವ ಡಿಸೆಂಬರಿನ ಕತ್ತಲೆಯೂ, ಹಲ್ಲಿನ ಬಲವನ್ನು ಪರೀಕ್ಷಿಸುವ ಕರಿಯ ರೊಟ್ಟಿಯೂ ಇದ್ದೇ ಇರುತ್ತವೆ. ಆದರೆ ಇವೆಲ್ಲ ಪ್ರಕೃತಿಯ ಮತ್ತು ಪಾಕಶಾಸ್ತ್ರದ ಅಪರಾಧಗಳಾದುದರಿಂದ ಬಹುಬೇಗ ಕ್ಷಮೆಗೆ ಪಾತ್ರವಾಗುತ್ತವೆ. ಕ್ಷಮೆ ದೊರೆಯದೆ ಉಳಿಯುವುದು ಮನುಷ್ಯರ ಮುಖ. ಅಂಗಡಿಯ ಗಲ್ಲಾದಲ್ಲಿ ಕುಳಿತ ಹೆಂಗಸು, ಕಾಫಿಗೃಹದಲ್ಲಿ ಬಟ್ಟಲು ತಂದಿಡುವ ಪರಿಚಾರಕ, ಪಾರ್ಸೆಲ್ ತಲುಪಿಸಬೇಕಾದವನು, ಕಚೇರಿಯ ಮೇಜಿನಾಚೆಯ ಅಧಿಕಾರಿಣಿ, ಇವರಲ್ಲಿ ಒಬ್ಬರಾದರೂ ನಗುವುದಿಲ್ಲ. ಪ್ರಶ್ನೆಗೆ ಒಂದೇ ಮಾತಿನ ಉತ್ತರ. ಎರಡನೆಯ ಬಾರಿ ಕೇಳಿದರೆ ಉತ್ತರಕ್ಕೆ ಬದಲಾಗಿ ಒಂದು ನಿಟ್ಟುಸಿರು. ತನ್ನ ಮೈಬಣ್ಣವನ್ನು ಕಂಡು ಹೀಗೆ ನಡೆದುಕೊಂಡರೋ ಎಂಬ ಶಂಕೆ ಹೊಸಬನಲ್ಲಿ ಹುಟ್ಟುವುದು ಸಹಜ, ಮತ್ತು ಆ ಶಂಕೆಗೆ ಆಧಾರವೇ ಇಲ್ಲದ ದೇಶ ಅದೆಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಸರತಿಯ ಸಾಲಿನಲ್ಲಿ ಒಂದೆರಡು ಹೆಜ್ಜೆ ಹಿಂದೆ ನಿಂತು ನೋಡಿದರೆ, ಅದೇ ನಿಟ್ಟುಸಿರು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುಪ್ಪಾದ ಜರ್ಮನ್ ಅಜ್ಜಿಗೂ ಸಮಪಾಲಾಗಿ ದೊರೆಯುವುದು ಕಾಣುತ್ತದೆ. ಆ ಅಜ್ಜಿ ಅದಕ್ಕೆ ಅಷ್ಟೇ ಖಾರವಾದ ಪ್ರತ್ಯುತ್ತರವನ್ನು ಕೊಟ್ಟು, ಚೀಲವನ್ನೆತ್ತಿಕೊಂಡು, ಏನೂ ನಡೆಯಲಿಲ್ಲವೆಂಬಂತೆ ಹೊರಟುಹೋಗುವುದೂ ಕಾಣುತ್ತದೆ.

ಬರ್ಲಿನ್ನರ ಈ ಒರಟುತನ ಜರ್ಮನಿಯೊಳಗೇ ಪ್ರಸಿದ್ಧವಾದುದು. ನಗರದ ಸಾರಿಗೆ ಸಂಸ್ಥೆಯಾದ ಬಿವಿಜಿ 2015ರಲ್ಲಿ ತನ್ನ ಮೇಲಿದ್ದ ಅಪಖ್ಯಾತಿಯನ್ನು ಮುಚ್ಚಿಡುವುದಕ್ಕೆ ಬದಲಾಗಿ ಅದನ್ನೇ ಬಂಡವಾಳ ಮಾಡಿಕೊಂಡು, ಪ್ರಯಾಣಿಕರ ಮೇಲಿನ ಪ್ರೀತಿಯನ್ನು ಸಾರುವ ಘೋಷಣೆಯೊಡನೆ ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಜಾಹೀರಾತುಗಳನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಅದರ ಹಾಡೊಂದರಲ್ಲಿ ಟಿಕೆಟ್ ತನಿಖೆಯವನು ರೈಲಿನೊಳಗೆ ಜನ ಮಾಡುವ ಚಿತ್ರವಿಚಿತ್ರ ಚೇಷ್ಟೆಗಳನ್ನೆಲ್ಲ ಕಂಡೂ ತನಗೇನೂ ಸಂಬಂಧವಿಲ್ಲವೆಂದು ಹಾಡಿಕೊಳ್ಳುತ್ತ ಹೋಗುತ್ತಾನೆ. ವಿಯೆನ್ನಾ ನಗರವಂತೂ ಇದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದೆ. ಅಲ್ಲಿನ ಕಾಫಿಗೃಹ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯ ದೇಶವು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು; ಅಮೃತಶಿಲೆಯ ಮೇಜು, ಕೋಲಿಗೆ ಸಿಕ್ಕಿಸಿಟ್ಟ ವೃತ್ತಪತ್ರಿಕೆ ಇವುಗಳನ್ನು ಬಿಟ್ಟಾದರೂ ಆ ಸಂಸ್ಕೃತಿಯನ್ನು ಊಹಿಸಬಹುದು, ಕರಿಯ ಕೋಟಿನ, ಬಿಗಿದ ಮುಖದ ಪರಿಚಾರಕನನ್ನು ಬಿಟ್ಟು ಊಹಿಸಲಾಗದು. ಕಾಫಿಯನ್ನೂ ಒಂದು ಲೋಟ ನೀರನ್ನೂ ಪುಟ್ಟ ತಟ್ಟೆಯಲ್ಲಿ ತಂದಿಟ್ಟು ಅವನು ಮಾಯವಾದನೆಂದರೆ, ತಾವಾಗಿ ಕರೆದು ಬಿಲ್ ಕೇಳುವವರೆಗೆ ಅವನ ದರ್ಶನವಿಲ್ಲ. ಇದನ್ನು ಉಪೇಕ್ಷೆಯೆಂದು ತಿಳಿದು ನೊಂದುಕೊಳ್ಳುವವರುಂಟು. ಒಂದೇ ಕಾಫಿಗೆ ಮೂರು ಗಂಟೆ ಕುಳಿತರೂ ಏಳಿರೆಂದು ಹೇಳದಿರುವ ಈ ಉಪೇಕ್ಷೆಯೇ ಅಲ್ಲಿನ ಉಪಚಾರವೆಂಬುದು, ಬೆಂಗಳೂರಿನ ದರ್ಶಿನಿಯಲ್ಲಿ ನಿಂತುಕೊಂಡೇ ಇಡ್ಲಿ ಮುಗಿಸಿ ಮುಂದಿನವರಿಗೆ ಜಾಗ ಬಿಟ್ಟುಕೊಡುವ ಅಭ್ಯಾಸದ ನಮಗೆ ಕೂಡಲೇ ಹೊಳೆಯುವುದಿಲ್ಲ.

ಇನ್ನು ಕಿರಾಣಿ ಅಂಗಡಿಯ ವಿಷಯ. ಅಲ್ಲಿ ನಮ್ಮವರಿಗೆ ಆಗುವ ಗಾಬರಿಯ ಬಹುಪಾಲಿಗೆ ಸ್ವಭಾವಕ್ಕಿಂತ ವ್ಯವಸ್ಥೆಯೇ ಕಾರಣ. ಎರಡನೆಯ ಮಹಾಯುದ್ಧದ ತರುವಾಯ ಎಸ್ಸೆನ್ ನಗರದ ಆಲ್‌ಬ್ರೆಕ್ಟ್ ಸೋದರರು ತಮ್ಮ ತಾಯಿಯ ಅಂಗಡಿಯನ್ನು ಬೆಳೆಸಿ ಆಲ್ಡಿ ಎಂಬ ಹೆಸರಿಗೆ ತಂದ ಕ್ರಮವೇ ಇಂದು ಜರ್ಮನಿಯ ಅಗ್ಗದ ಅಂಗಡಿಗಳೆಲ್ಲದರ ಕ್ರಮ: ಸಾಮಾನಿನ ಬಗೆಗಳು ಕೆಲವೇ, ಅಲಂಕಾರವಿಲ್ಲ, ಸರಕು ಬಂದ ರಟ್ಟಿನ ಪೆಟ್ಟಿಗೆಯಲ್ಲಿಯೇ ಮಾರಾಟಕ್ಕಿರುತ್ತದೆ, ಕೆಲಸದವರು ಬೆರಳೆಣಿಕೆಯಷ್ಟು ಮಂದಿ. ಗಲ್ಲಾದಲ್ಲಿ ಕುಳಿತವಳೇ ಮತ್ತೊಂದು ಗಳಿಗೆಯಲ್ಲಿ ಹಾಲಿನ ಪೆಟ್ಟಿಗೆಗಳನ್ನು ಎಳೆದು ಜೋಡಿಸಬೇಕು, ನಡುವೆ ಒಲೆಯಿಂದ ರೊಟ್ಟಿಯನ್ನೂ ತೆಗೆಯಬೇಕು. ಸಾಲು ಬೆಳೆಯಿತೆಂದರೆ ಅವಳ ಕೈ ಚುರುಕಾಗುತ್ತದೆ; ಒಂದು ಕಡೆಯಿಂದ ಅವಳು ಸಾಮಾನನ್ನು ತಳ್ಳುತ್ತಿದ್ದರೆ, ಇನ್ನೊಂದು ಕಡೆಯಲ್ಲಿ ಅದನ್ನು ಕೂಡಿಸಿಡಲು ಇರುವ ಗೇಣುದ್ದದ ಜಾಗದಲ್ಲಿ ಟೊಮ್ಯಾಟೊ, ಮೊಸರು, ಮೊಟ್ಟೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಚೀಲಕ್ಕೆ ತುಂಬುವ ಕೆಲಸ ಗಿರಾಕಿಯದೇ. ಚೀಲವನ್ನು ತರದಿದ್ದರೆ ಅದಕ್ಕೂ ಹಣ. ಬಲ್ಲವರು ಎಲ್ಲವನ್ನೂ ಬಂಡಿಗೆ ಬಾಚಿಕೊಂಡು ದೂರದ ಕಟ್ಟೆಗೆ ಹೋಗಿ ಸಾವಧಾನವಾಗಿ ತುಂಬಿಕೊಳ್ಳುತ್ತಾರೆ. ನಗೆಯ ಖರ್ಚನ್ನು ಉಳಿಸಿ ಹಾಲಿನ ಬೆಲೆಯನ್ನು ಇಳಿಸಿದ್ದಾರೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು, ಅಸತ್ಯವಾಗಲಾರದು.

ಇದಕ್ಕಿಂತ ಆಳವಾದ ಕಾರಣವೊಂದು ಕಾನೂನಿನಲ್ಲಿದೆ. 1956ರ ಅಂಗಡಿ ಮುಚ್ಚುವ ಕಾಯಿದೆಯ ಪ್ರಕಾರ ಪಶ್ಚಿಮ ಜರ್ಮನಿಯಲ್ಲಿ ವಾರದ ದಿನಗಳಂದು ಸಂಜೆ ಆರೂವರೆಗೆ, ಶನಿವಾರ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ ಬಾಗಿಲು ಮುಚ್ಚತಕ್ಕದ್ದಾಗಿತ್ತು. ಈ ಕಟ್ಟು ಸಡಿಲವಾಗುತ್ತ ಬಂದದ್ದು 1989ರ ಅನಂತರ, ಹಂತಹಂತವಾಗಿ, ಪ್ರತಿ ಹಂತದಲ್ಲಿಯೂ ದೊಡ್ಡ ವಾದವಿವಾದಗಳ ನಡುವೆ. ಭಾನುವಾರದ ವಿಶ್ರಾಂತಿಗಂತೂ ಇಂದಿಗೂ ಸಂವಿಧಾನದ ರಕ್ಷಣೆಯಿದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು ಈಗಿನ ಸಂವಿಧಾನವು ಹಾಗೆಯೇ ಸ್ವೀಕರಿಸಿದೆ, ಮತ್ತು ಬರ್ಲಿನ್ ಸರಕಾರವು ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ನಾಲ್ಕೂ ಭಾನುವಾರಗಳಂದು ಅಂಗಡಿ ತೆರೆಯಲು ಅವಕಾಶ ಕೊಟ್ಟಾಗ 2009ರಲ್ಲಿ ಸಂವಿಧಾನ ನ್ಯಾಯಾಲಯವು ಅದು ಸಲ್ಲದೆಂದು ತೀರ್ಪಿತ್ತಿತು. ಅಂಗಡಿಯಲ್ಲಿ ಮಾರುವುದು ಅಲ್ಲಿ ಎರಡು ಮೂರು ವರ್ಷಗಳ ಶಿಕ್ಷಣವನ್ನು ಪಡೆದು ಪರೀಕ್ಷೆ ಮುಗಿಸಿ ಸೇರಬಹುದಾದ ಒಂದು ವೃತ್ತಿ. ಸಕಾರಣವಿಲ್ಲದೆ ಕೆಲಸದಿಂದ ತೆಗೆಯಬಾರದೆಂಬ ಕಾಯಿದೆ 1951ರಿಂದಲೂ, ಕಾರ್ಮಿಕರು ತಮ್ಮ ಪ್ರತಿನಿಧಿಗಳ ಸಮಿತಿಯನ್ನು ಆರಿಸಿಕೊಳ್ಳಬಹುದೆಂಬ ಕಾಯಿದೆ 1952ರಿಂದಲೂ ಇದೆ. ಹೀಗಿರುವಲ್ಲಿ, ಎಂಟು ಗಂಟೆಗೆ ಮುಚ್ಚುವ ಅಂಗಡಿಯೊಳಕ್ಕೆ ಎಂಟಕ್ಕೆ ಎರಡು ನಿಮಿಷವಿರುವಾಗ ನುಗ್ಗಿದ ಗಿರಾಕಿಯನ್ನು ಆಕೆ ಹೇಗೆ ನೋಡುತ್ತಾಳೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ಗಿರಾಕಿಯ ಅಸಮಾಧಾನದಿಂದ ಅವಳ ಅನ್ನ ಹೋಗುವುದಿಲ್ಲ. ಅದು ಅವಳಿಗೂ ಗೊತ್ತು, ಗಿರಾಕಿಗೂ ಗೊತ್ತು.

ಈ ಮುಖವನ್ನು ತಿದ್ದುವುದಕ್ಕೆ ಒಮ್ಮೆ ಹೊರಗಿನಿಂದ ದೊಡ್ಡ ಪ್ರಯತ್ನವೇ ನಡೆಯಿತು. ಅಮೆರಿಕದ ವಾಲ್‌ಮಾರ್ಟ್ ಕಂಪನಿ 1997ರ ಕೊನೆಯಲ್ಲಿ ಜರ್ಮನಿಯ ಅಂಗಡಿಗಳ ಒಂದು ಸರಣಿಯನ್ನು, ಮರುವರ್ಷ ಮತ್ತೊಂದನ್ನು ಕೊಂಡು, ತನ್ನ ದೇಶದ ಸಂಪ್ರದಾಯದಂತೆ ಬಾಗಿಲಲ್ಲಿ ಸ್ವಾಗತಿಸುವವರನ್ನೂ, ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರನ್ನೂ ನಿಲ್ಲಿಸಿ, ಗಿರಾಕಿಯನ್ನು ಕಂಡೊಡನೆ ನಗಬೇಕೆಂಬ ನಿಯಮವನ್ನೂ ಮಾಡಿತು. ಪರಿಣಾಮ ವಿಚಿತ್ರವಾಯಿತು. ಅಪರಿಚಿತರು ಬಾಗಿಲಲ್ಲಿ ನಿಂತು ಕುಶಲ ಕೇಳಿದರೆ ಜರ್ಮನ್ ಗೃಹಸ್ಥನು ಇರಿಸುಮುರಿಸುಗೊಂಡನು. ಕೆಲವರು ಆ ನಗೆಯನ್ನು ಪ್ರಣಯದ ಸೂಚನೆಯೆಂದೂ ಅಪಾರ್ಥ ಮಾಡಿಕೊಂಡರಂತೆ. ತಾನು ಕೊಂಡ ಸಾಮಾನನ್ನು ಬೇರೊಬ್ಬರು ಮುಟ್ಟಿ ತುಂಬುವುದು ಹಲವರಿಗೆ ಸೇರಲಿಲ್ಲ. ಸಹೋದ್ಯೋಗಿಗಳ ನಡುವೆ ಪ್ರೇಮ ಕೂಡದೆಂಬ ಅದರ ನಿಯಮವನ್ನು 2005ರಲ್ಲಿ ಅಲ್ಲಿಯ ಕಾರ್ಮಿಕ ನ್ಯಾಯಾಲಯವು ತಳ್ಳಿಹಾಕಿತು. 2006ರಲ್ಲಿ ಕಂಪನಿಯು ತನ್ನ 85 ಮಳಿಗೆಗಳನ್ನು ಜರ್ಮನಿಯದೇ ಆದ ಮೆಟ್ರೊ ಸಂಸ್ಥೆಗೆ ಮಾರಿ ಹೊರಟುಹೋಯಿತು. ನಗೆಯಿಂದಲೇ ಅದು ಸೋತಿತೆಂದು ಕಥೆ ಕಟ್ಟುವವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಸ್ಥಳೀಯ ಅಗ್ಗದ ಅಂಗಡಿಗಳ ಬೆಲೆಯೊಡನೆ ಅದು ಸೆಣಸಲಾರದೆ ಹೋದದ್ದು ಮುಖ್ಯ ಕಾರಣ. ಆದರೆ ನಗೆ ಅದನ್ನು ಉಳಿಸಲಿಲ್ಲವೆಂಬುದಂತೂ ಸತ್ಯ.

ಅಮೆರಿಕದಲ್ಲಿಯಾದರೂ ಆ ನಗೆ ಬಿಟ್ಟಿಯಾಗಿ ಬರುವುದಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವೊಂದರಲ್ಲಿ ವಿಮಾನ ಪರಿಚಾರಿಕೆಯರ ಜೀವನವನ್ನು ಪರಿಶೀಲಿಸಿ, ತೋಳಿನ ಶ್ರಮವನ್ನು ಮಾರುವಂತೆಯೇ ಭಾವನೆಯನ್ನೂ ಸಂಬಳಕ್ಕೆ ಮಾರುವ ದುಡಿಮೆಯೊಂದಿದೆಯೆಂದೂ, ಒಳಗಿಲ್ಲದ ಪ್ರಸನ್ನತೆಯನ್ನು ದಿನವಿಡೀ ಹೊರಗೆ ತೋರಿಸುತ್ತಿರುವವರಿಗೆ ತಮ್ಮ ನಿಜವಾದ ಭಾವ ಯಾವುದೆಂಬುದೇ ಮಸುಕಾಗುತ್ತದೆಂದೂ ತೋರಿಸಿಕೊಟ್ಟರು. ಅಲ್ಲಿಯ ಹೋಟೆಲುಗಳಲ್ಲಿ ಬಡಿಸುವವರಿಗೆ ಟಿಪ್ಸ್ ಸಿಗುತ್ತದೆಂಬ ನೆವದಲ್ಲಿ ಕೊಡಬಹುದಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ 2.13 ಡಾಲರಿನಲ್ಲಿಯೇ ನಿಂತುಬಿಟ್ಟಿದೆ. ಮನೆಯ ಬಾಡಿಗೆ ಗಿರಾಕಿಯ ಪ್ರಸನ್ನತೆಯನ್ನು ಅವಲಂಬಿಸಿರುವಾಗ ಯಾರು ತಾನೆ ನಗದೆ ಇದ್ದಾರು? ಜರ್ಮನಿಯಲ್ಲಿಯೂ ಟಿಪ್ಸ್ ಕೊಡುವುದುಂಟು. ಬಿಲ್ಲಿನ ಮೇಲೆ ನೂರಕ್ಕೆ ಐದೋ ಹತ್ತೋ ಸೇರಿಸಿ ಕೊಟ್ಟರೆ ಸಂತೋಷ, ಕೊಡದಿದ್ದರೆ ಸಂಸಾರ ನಿಲ್ಲುವುದಿಲ್ಲ.

ಇಲ್ಲಿ ನಮ್ಮ ನೋವಿನ ಮೂಲವನ್ನೂ ಸ್ವಲ್ಪ ಕೆದಕಿ ನೋಡಬೇಕಾಗುತ್ತದೆ. ನಮ್ಮ ಊರುಗಳ ಜವಳಿ ಅಂಗಡಿಯಲ್ಲಿ ನಾವು ಕುರ್ಚಿಯ ಮೇಲೆ ಕುಳಿತು ನಲವತ್ತು ಸೀರೆಗಳನ್ನು ಬಿಚ್ಚಿಸಿ ನೋಡಿ, ಒಂದನ್ನೂ ಕೊಳ್ಳದೆ ಎದ್ದರೂ 'ಬನ್ನಿ ಮೇಡಂ, ಬನ್ನಿ ಸಾರ್' ಎಂದು ಮತ್ತೆ ಕರೆಯುವ ಆ ಹುಡುಗಿಯ ನಗೆಯನ್ನು ನಾವು ನಮ್ಮ ಸಂಸ್ಕೃತಿಯ ಅತಿಥಿಸತ್ಕಾರವೆಂದು ಹೆಮ್ಮೆಪಡುತ್ತೇವೆ. ಅವಳು ಬೆಳಗಿನಿಂದ ನಿಂತೇ ಇದ್ದಾಳೆಂಬುದನ್ನು ಗಮನಿಸುವುದಿಲ್ಲ. ಕೇರಳದಲ್ಲಿ ಇಂತಹ ಮಾರಾಟದ ಹೆಂಗಸರು ಕುಳಿತುಕೊಳ್ಳುವ ಹಕ್ಕಿಗಾಗಿಯೇ ಹೋರಾಡಬೇಕಾಯಿತು; ಅಂಗಡಿಯಲ್ಲಿ ಅವರಿಗೆ ಆಸನವನ್ನು ಒದಗಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ. ಜರ್ಮನಿಯ ಗಲ್ಲಾದವಳು ಕುಳಿತೇ ಕೆಲಸ ಮಾಡುತ್ತಾಳೆ. ನಾವು ಪರದೇಶಕ್ಕೆ ಹೋಗಿ ಕಳೆದುಕೊಳ್ಳುವುದು ಮರ್ಯಾದೆಯನ್ನಲ್ಲ, ಬಡವರ ಅಸಹಾಯಕತೆಯಿಂದ ನಮಗೆ ದೊರಕುತ್ತಿದ್ದ ಒಂದು ಸಣ್ಣ ದೊರೆತನವನ್ನು ಎಂದು ನಾನು ತಿಳಿದಿದ್ದೇನೆ. ಈ ಮಾತು ಕಠೋರವೆನಿಸಿದರೆ, ನಮ್ಮಲ್ಲಿಯೇ ಉದ್ಯೋಗ ಭದ್ರವಾಗಿರುವ ಸರಕಾರಿ ಬಸ್ಸಿನ ಕಂಡಕ್ಟರನ್ನು ನೆನೆಯಬಹುದು. 'ಚಿಲ್ರೆ ಕೊಡ್ರೀ, ಒಳಗ್ ಹೋಗ್ರೀ' ಎಂದು ಗದರಿ, ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿ ಕೊಡುವ ಅವರ ಮಾತಿನಿಂದ ಯಾವ ಕನ್ನಡಿಗನೂ ರಾತ್ರಿ ನಿದ್ದೆಗೆಟ್ಟದ್ದಿಲ್ಲ.

ಆದರೂ ಎಲ್ಲ ಬಿರುಸಿಗೂ ಕಾರಣ ಎದುರಿನವರೇ ಅಲ್ಲ; ನಾವೂ ಅರಿಯದೆ ಅದನ್ನು ಬರಮಾಡಿಕೊಳ್ಳುವುದುಂಟು. ಫ್ರಾನ್ಸಿನಲ್ಲಿ ಅಂಗಡಿಯೆಂದರೆ ಅಂಗಡಿಯವರ ಮನೆಯಿದ್ದಂತೆ. ಒಳಗೆ ಕಾಲಿಡುವಾಗ ನಮಸ್ಕಾರ ಹೇಳದೆ ನೇರವಾಗಿ ಸಾಮಾನನ್ನು ಕೇಳಿದವನು ಅವರ ದೃಷ್ಟಿಯಲ್ಲಿ ಆಗಲೇ ಅಸಭ್ಯನಾದನು, ಮುಂದಿನದೆಲ್ಲ ಅದರ ಪ್ರಾಯಶ್ಚಿತ್ತ. ನೀಸ್ ನಗರದ ಪುಟ್ಟ ಕಾಫಿ ಅಂಗಡಿಯೊಂದು 2013ರಲ್ಲಿ ಬರಿದೆ 'ಒಂದು ಕಾಫಿ' ಎಂದವರಿಗೆ 7 ಯೂರೊ, 'ದಯವಿಟ್ಟು' ಸೇರಿಸಿದವರಿಗೆ 4.25, ಮೊದಲು ನಮಸ್ಕಾರವನ್ನೂ ಹೇಳಿದವರಿಗೆ 1.40 ಎಂದು ಫಲಕ ಹಾಕಿ ಲೋಕಪ್ರಸಿದ್ಧವಾಯಿತು. ಅದು ವಿನೋದಕ್ಕೆ ಹಾಕಿದ್ದೇ ಆದರೂ ವಿನೋದದ ಒಳಗೆ ಹುರುಳಿದೆ. ಅದೇ ವರ್ಷ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿಯೂ ಪ್ರವಾಸ ಸಮಿತಿಯೂ ಕೂಡಿ, ಬೇರೆಬೇರೆ ದೇಶದವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಹೋಟೆಲು ಮತ್ತು ಟ್ಯಾಕ್ಸಿಯವರಿಗೆ ತಿಳಿಸುವ ಕೈಪಿಡಿಯೊಂದನ್ನು ಹಂಚಿದವೆಂಬುದನ್ನು ನೋಡಿದರೆ, ತಮ್ಮ ಕೀರ್ತಿಯ ಅರಿವು ಅವರಿಗೂ ಇದ್ದೇ ಇದೆ. ಬರ್ಲಿನ್ನಿನಲ್ಲಿ ಸೂತ್ರ ಇನ್ನೂ ಸರಳ: ನಮಸ್ಕಾರ ಹೇಳಬೇಕು, ಬೇಕಾದುದನ್ನು ಒಂದೇ ವಾಕ್ಯದಲ್ಲಿ ಕೇಳಬೇಕು, ಹಣ ಕೈಯಲ್ಲಿರಬೇಕು, ಗದರಿದರೆ ಗದರಬೇಕು. ಈ ಕೊನೆಯದು ನಮಗೆ ಕಷ್ಟ. ಆದರೆ ಹಾಗೆ ಒಮ್ಮೆ ತಿರುಗಿ ಹೇಳಿದವನನ್ನು ಮರುದಿನ ರೊಟ್ಟಿಯಂಗಡಿಯವಳು ಗುರುತಿಸಿ ಮಾತನಾಡಿಸುವುದುಂಟು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಗಂಟುಮುಖಗಳನ್ನೂ ಸಮರ್ಥಿಸಿದಂತೆ ಆಗಬಾರದು. ಸ್ಥಾನಬಲದಿಂದ ಬರುವ ಗಂಟು ಒಂದು ಬಗೆ, ಕೊರತೆಯಿಂದ ಬರುವ ಗಂಟು ಬೇರೊಂದು ಬಗೆ. ಹಿಂದಿನ ಸೋವಿಯತ್ ದೇಶದ ಅಂಗಡಿಯಲ್ಲಿ ಸಾಮಾನನ್ನು ನೋಡಿ ಬೆಲೆ ತಿಳಿಯಲು ಒಂದು ಸಾಲು, ಹಣ ಕಟ್ಟಿ ರಸೀದಿ ಪಡೆಯಲು ಎರಡನೆಯ ಸಾಲು, ರಸೀದಿಯನ್ನು ಕೊಟ್ಟು ಸಾಮಾನನ್ನು ಪಡೆಯಲು ಮತ್ತೊಂದು ಸಾಲು. ಇಷ್ಟಾದ ಮೇಲೆ ದೊರೆಯುತ್ತಿದ್ದುದು ಗದರಿಕೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರ ತಮ್ಮ ಗ್ರಂಥದಲ್ಲಿ ವಿವರಿಸಿದಂತೆ, ಸರಕು ಸದಾ ಕಡಮೆಯಿರುವ ವ್ಯವಸ್ಥೆಯಲ್ಲಿ ಕೊಳ್ಳುವವನೇ ಮಾರುವವನನ್ನು ಓಲೈಸಬೇಕಾಗುತ್ತದೆ. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದಾಗ ಒಂದೇ ದಿನ 30,000ಕ್ಕೂ ಹೆಚ್ಚು ಜನ ನುಗ್ಗಿದರು. ಬನ್ನಿನಷ್ಟೇ ಅಚ್ಚರಿ ಅವರಿಗೆ ನಗುವ ಹುಡುಗಿಯರನ್ನು ಕಂಡು. ಟೆಲಿಫೋನಿಗೂ ಗ್ಯಾಸಿಗೂ ವರ್ಷಗಟ್ಟಲೆ ಕಾದು ಗುಮಾಸ್ತರ ಮುಂದೆ ಕೈಕಟ್ಟಿ ನಿಂತ ನಮ್ಮ ಹಿರಿಯರಿಗೆ ಈ ಶಾಸ್ತ್ರವನ್ನು ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿರಲಿಲ್ಲ.

ಈ ಎರಡನೆಯ ಬಗೆ ಇಂದು ಶ್ರೀಮಂತ ಜರ್ಮನಿಯಲ್ಲಿ ಉಳಿದಿರುವುದು ಅಂಗಡಿಯಲ್ಲಲ್ಲ, ವಿದೇಶೀಯರಿಗೆ ವಾಸದ ಪರವಾನಗಿ ಕೊಡುವ ಕಚೇರಿಗಳಲ್ಲಿ. ಅಲ್ಲಿ ಅಭಾವವಿರುವುದು ಭೇಟಿಯ ದಿನಾಂಕಕ್ಕೆ. ಅರ್ಜಿಗಳು ಬೆಟ್ಟದಷ್ಟು, ಅಧಿಕಾರಿಗಳು ಕೆಲವರು, ಮತ್ತು ಎದುರಿಗೆ ಕುಳಿತವನು ಮತ್ತೊಂದು ಅಂಗಡಿಗೆ ಹೋಗಲಾರನು. ಬರ್ಲಿನ್ ನಗರವು 2020ರ ಜನವರಿಯಲ್ಲಿ ಆ ಕಚೇರಿಯ ಹಳೆಯ ಹೆಸರನ್ನು ಬಿಟ್ಟು ವಲಸೆಯ ಇಲಾಖೆಯೆಂಬ ಸೌಮ್ಯವಾದ ಹೆಸರನ್ನು ಇಟ್ಟಿತು. ದಿನಾಂಕಗಳ ಬರ ಹೆಸರಿನೊಡನೆ ಹೋಗಲಿಲ್ಲ. ಗಲ್ಲಾದವಳ ನಿಟ್ಟುಸಿರಿಗೆ ತಿರುಗಿ ಹೇಳಬಹುದು, ಇಲ್ಲಿಯ ನಿಟ್ಟುಸಿರಿಗೆ ಹೇಳಲಾಗದು. ಸಮಾನರ ನಡುವಿನ ಒರಟು ಬೇರೆ, ಅಧೀನನ ಮೇಲಿನ ಒರಟು ಬೇರೆ, ಮತ್ತು ನಾನು ದೂರುವುದು ಎರಡನೆಯದನ್ನು. ಆದಕಾರಣ ಅಲ್ಲಿಯ ನಮ್ಮವರಲ್ಲಿ, ಭಾಷೆ ಬಲ್ಲ ಹಳಬರೊಬ್ಬರು ಹೊಸಬರ ಜೊತೆಗೆ ಆ ಕಚೇರಿಗೆ ಹೋಗುವ ಒಳ್ಳೆಯ ರೂಢಿಯಿದೆ. ಹಾಗೆ ಹೋದವರ ಕೆಲಸ ಭಾಷಾಂತರಕ್ಕಿಂತ ಹೆಚ್ಚಾಗಿ, ಯಾವ ಯಾವ ಕಾಗದಗಳು ಕಡಮೆಯಾಗಿವೆಯೆಂಬುದನ್ನು ಬರವಣಿಗೆಯಲ್ಲಿ ಕೊಡಿರೆಂದು ಕೇಳುವುದು; ಬರೆದು ಕೊಡಬೇಕಾಗಿ ಬಂದೊಡನೆ ಅಧಿಕಾರಿಯ ಮುಖ ಬದಲಾಗದಿದ್ದರೂ, ಕಾಗದಗಳ ಪಟ್ಟಿ ಮಾತ್ರ ಮುಂದಿನ ಭೇಟಿಯವರೆಗೆ ಬದಲಾಗದೆ ಉಳಿಯುತ್ತದೆ.