ಸ್ನೇಹವೂ ಕೊಟ್ಟ ಮಾತೂ

ಶತ್ರುವಿನ ಬೆದರಿಕೆಗೆ ಅಂಜದೆ ನಿಲ್ಲುವವನನ್ನು ಲೋಕವು ಧೀರನೆಂದು ಹೊಗಳುತ್ತದೆ. ಆದರೆ ಮಿತ್ರನ ಸವಿಮಾತಿಗೆ ಕರಗದೆ ನಿಲ್ಲುವುದು ಅದಕ್ಕಿಂತಲೂ ದುಷ್ಕರವೆಂಬುದನ್ನು ಪರರ ಹಣಕ್ಕೂ ಪರರ ಕಾರ್ಯಕ್ಕೂ ಹೊಣೆಗಾರರಾಗಿ ಕುಳಿತವರೇ ಬಲ್ಲರು. ಪ್ರಲೋಭನವು ಯಾವಾಗಲೂ ಅಪರಿಚಿತನ ವೇಷದಲ್ಲಿ ಬರುವುದಿಲ್ಲ; ಬಹುಮಟ್ಟಿಗೆ ಅದು ಹಳೆಯ ಗೆಳೆಯನ ಮುಖವನ್ನು ಧರಿಸಿಯೇ ಬಾಗಿಲಿಗೆ ಬರುತ್ತದೆ. ಈ ಸಂಗತಿಯನ್ನು ಮನಮುಟ್ಟುವಂತೆ ನಿರೂಪಿಸಿರುವ ಅಮೆರಿಕದ ಚಲಚ್ಚಿತ್ರವೊಂದರ ವಿಚಾರವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಾವು ಬಯಸುತ್ತೇವೆ.

ಸ್ಯಾಮ್ ಪೆಕಿನ್‌ಪಾ ಎಂಬವರು ನಿರ್ದೇಶಿಸಿ 1962ರಲ್ಲಿ ಹೊರಬಂದ ಆ ಚಿತ್ರದ ಹೆಸರು 'ರೈಡ್ ದಿ ಹೈ ಕಂಟ್ರಿ'. ಕುದುರೆ ಸವಾರರ ಚಿತ್ರಗಳೆಂದರೆ ಧೂಳು ಮತ್ತು ಗುಂಡಿನ ಸದ್ದು, ಇವಿಷ್ಟೇ ಎಂದು ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಅನೇಕರುಂಟು. ನಾವೂ ಆ ಪಂಗಡಕ್ಕೆ ಸೇರಿದ್ದವರೇ ಎಂದು ಒಪ್ಪಿಕೊಳ್ಳುತ್ತೇವೆ. ಈ ಚಿತ್ರವು ನಮ್ಮ ಅಭಿಪ್ರಾಯವನ್ನು ತಿದ್ದಿತು.

ಕಥೆ ನಡೆಯುವುದು ಕ್ಯಾಲಿಫೋರ್ನಿಯದ ಬೆಟ್ಟದ ಸೀಮೆಯಲ್ಲಿ, ಮೋಟಾರು ಗಾಡಿಗಳು ಆಗತಾನೆ ಬೀದಿಗಿಳಿದ ಕಾಲದಲ್ಲಿ. ಒಂದು ಕಾಲಕ್ಕೆ ಕಾನೂನಿನ ರಕ್ಷಕನೆಂದು ಹೆಸರಾಗಿದ್ದ ಸ್ಟೀವ್ ಜಡ್ ಎಂಬ ವೃದ್ಧನು ಊರನ್ನು ಪ್ರವೇಶಿಸುತ್ತಾನೆ. ಬೀದಿಯ ಇಕ್ಕೆಲಗಳಲ್ಲಿ ನೆರೆದ ಜನರ ಜಯಘೋಷ ತನಗೆಂದೇ ಭಾವಿಸಿ ಟೋಪಿ ಮುಟ್ಟಿ ವಂದಿಸುತ್ತಾನೆ. ಜನರು ಕಾದಿದ್ದುದಾದರೋ ಕುದುರೆಗಳಿಗೂ ಒಂಟೆಗೂ ಏರ್ಪಟ್ಟ ಪಂದ್ಯವನ್ನು! ಪೋಲೀಸಿನವನು ಮುದುಕನನ್ನು ದಾರಿಯಿಂದ ಸರಿಯೆಂದು ಗದರಿಸುತ್ತಾನೆ. ಬೆಟ್ಟದ ಮೇಲಿನ ಗಣಿಯಿಂದ ಬ್ಯಾಂಕಿಗೆ ಚಿನ್ನವನ್ನು ತರುವ ಕೆಲಸಕ್ಕಾಗಿ ಅವನು ಬಂದಿದ್ದಾನೆ. ಅವನ ಅಂಗಿಯ ತೋಳಿನ ಅಂಚು ಸವೆದಿದೆ. ತನಗೆ ಕನ್ನಡಕ ಬೇಕೆಂಬುದು ಧಣಿಗಳಿಗೆ ತಿಳಿಯಬಾರದೆಂದು ಕರಾರು ಪತ್ರವನ್ನು ಮರೆಗೆ ಹೋಗಿ ಓದುತ್ತಾನೆ.

ಜಡ್ ನಿರೀಕ್ಷಿಸಿದ್ದುದು 2,50,000 ಡಾಲರಿನ ಚಿನ್ನವನ್ನು. ಬ್ಯಾಂಕಿನವರು ಅದು 20,000 ಮಾತ್ರವೆನ್ನುತ್ತಾರೆ. ಗಣಿಯಲ್ಲಿ ಕಡೆಗೆ ತೂಕವಾದುದು ಸುಮಾರು 11,000ದಷ್ಟು. ಮೊತ್ತವು ಹೀಗೆ ಕುಗ್ಗುತ್ತ ಹೋದರೂ ಜಡ್ಡನ ಎಚ್ಚರಿಕೆಯು ಒಂದು ಕಾಸಿನಷ್ಟೂ ಕುಗ್ಗುವುದಿಲ್ಲ. ಕರ್ತವ್ಯದ ತೂಕವು ಚೀಲದ ತೂಕವನ್ನು ಅವಲಂಬಿಸಿಲ್ಲವೆಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಹೇಗೆ?

ಸಹಾಯಕ್ಕೆ ಅವನು ಕರೆದೊಯ್ದವನು ಗಿಲ್ ವೆಸ್ಟ್ರಮ್. ಹಿಂದೆ ಇವನೊಡನೆ ಅದೇ ಉದ್ಯೋಗದಲ್ಲಿದ್ದವನು. ಈಗ ಕೃತಕ ಗಡ್ಡ ಕಟ್ಟಿಕೊಂಡು ಜಾತ್ರೆಯಂತಹ ಮೇಳದಲ್ಲಿ ಗುರಿಯ ಆಟವಾಡಿಸಿ ಹೊಟ್ಟೆ ಹೊರೆಯುವವನು. ಚಿನ್ನವನ್ನು ಅಪಹರಿಸುವುದೇ ಗಿಲ್ಲನ ಹವಣಿಕೆ. ಆದರೆ ಮಿತ್ರನನ್ನು ವಂಚಿಸಲು ಅವನಿಗೆ ಮನಸ್ಸಿಲ್ಲ, ಒಲಿಸಿಕೊಳ್ಳಬೇಕೆಂದು ಆಸೆ. ದಾರಿಯುದ್ದಕ್ಕೂ ಹಳೆಯ ದಿನಗಳನ್ನು ನೆನೆಯುತ್ತಾನೆ: ನಾವು ತಿಂದ ಏಟುಗಳಿಗೆ, ಸವೆಸಿದ ಆಯುಸ್ಸಿಗೆ, ಜನರು ಕೊಟ್ಟುದೇನು? ಪ್ರಾಮಾಣಿಕನಿಗೆ ವೃದ್ಧಾಪ್ಯದಲ್ಲಿ ಉಳಿದುದೇನು? ಈ ಪ್ರಶ್ನೆಗಳು ಸುಳ್ಳಲ್ಲವೆಂಬುದೇ ಅವುಗಳ ಅಪಾಯ. ನಿವೃತ್ತಿಯ ಸಮೀಪದಲ್ಲಿರುವ ಯಾವ ನೌಕರನ ಮನಸ್ಸಿನಲ್ಲಿ ಅವು ಒಮ್ಮೆಯಾದರೂ ಸುಳಿದಿಲ್ಲ? ಜಡ್ ವಾದಿಸುವುದಿಲ್ಲ. ನಿರ್ದೋಷಿಯಾಗಿ ತನ್ನ ಮನೆಯನ್ನು ಹೊಗುವುದಷ್ಟೇ ತನಗೆ ಬೇಕಾದುದೆಂದು ಹೇಳುತ್ತಾನೆ.

ಆದರೆ ಚಿತ್ರವು ಒಬ್ಬನನ್ನು ದೇವರನ್ನಾಗಿಯೂ ಮತ್ತೊಬ್ಬನನ್ನು ರಾಕ್ಷಸನನ್ನಾಗಿಯೂ ಮಾಡಿಲ್ಲ. ಎಲ್ಸಾ ಎಂಬ ಹುಡುಗಿ ಕಠೋರನಾದ ತಂದೆಯ ಮನೆಯನ್ನು ಬಿಟ್ಟು ಇವರೊಡನೆ ಗಣಿಗೆ ಬಂದು, ಹ್ಯಾಮಂಡ್ ಸಹೋದರರಲ್ಲಿ ಒಬ್ಬನನ್ನು ಮದುವೆಯಾಗಿ, ಆ ದುಷ್ಟರ ಕೈಗೆ ಸಿಕ್ಕಿಬೀಳುತ್ತಾಳೆ. ಗಣಿಗಾರರ ಪಂಚಾಯಿತಿಯು ಅವಳನ್ನು ಗಂಡನಿಗೇ ಒಪ್ಪಿಸುವ ಸಂಭವವಿರುವಾಗ, ಅವಳನ್ನು ಉಳಿಸಿದುದು ಜಡ್ಡನ ನಿಯಮನಿಷ್ಠೆಯಲ್ಲ. ಮದುವೆ ಮಾಡಿಸಿದ ಕುಡುಕ ನ್ಯಾಯಾಧೀಶನನ್ನು ಬೆದರಿಸಿ ಮಾತು ತಿರುಗಿಸಿದ ಗಿಲ್ಲನ ಯುಕ್ತಿ. ಕಾನೂನಿನ ಅಕ್ಷರವನ್ನು ಹಿಡಿದವನೇ ಎಲ್ಲೆಡೆಯೂ ಧರ್ಮವನ್ನು ಕಾಯಬಲ್ಲನೆಂದು ಹೇಳಲಾಗದು.

ಮರಳುವ ದಾರಿಯಲ್ಲಿ ಗಿಲ್ ಚಿನ್ನಕ್ಕೆ ಕೈಹಾಕುತ್ತಾನೆ. ಜಡ್ ಹಿಡಿದು ಕಟ್ಟುತ್ತಾನೆ. ಗಿಲ್ಲನೊಡನೆ ಸೇರಿದ್ದ ಯುವಕನ ಪರವಾಗಿ ನ್ಯಾಯಸ್ಥಾನದಲ್ಲಿ ಮಾತನಾಡುವೆನೆಂದು ಎಲ್ಸಾಳಿಗೆ ಹೇಳಿದ ಜಡ್, ಗಿಲ್ಲನ ಪರವಾಗಿ ಮಾತ್ರ ಆಡುವುದಿಲ್ಲವೆನ್ನುತ್ತಾನೆ. ಏಕೆಂದರೆ ಅವನು ತನ್ನ ಸ್ನೇಹಿತನಾಗಿದ್ದವನು. ಈ ಉತ್ತರವು ನಮ್ಮನ್ನು ಬಹುಕಾಲ ಕಾಡಿತು. ನಮ್ಮ ಭಾರತದ ಕರ್ಣನು ಗೆಳೆತನಕ್ಕಾಗಿ ಅಧರ್ಮದ ಪಕ್ಷದಲ್ಲಿ ನಿಂತು ಮಡಿದನು. ನಾವು ಅವನಿಗಾಗಿ ಇಂದಿಗೂ ಕಣ್ಣೀರಿಡುತ್ತೇವೆ. ಜಡ್ ಹಿಡಿದುದು ಬೇರೆಯ ಹಾದಿ. ಪರಕೀಯನಿಗೆ ತೋರುವ ದಾಕ್ಷಿಣ್ಯವನ್ನು ಮಿತ್ರನಿಗೆ ತೋರಲಾರದವನು, ಮಿತ್ರನಿಂದ ಹೆಚ್ಚಿನದನ್ನು ನಿರೀಕ್ಷಿಸಿದ್ದನೆಂದೇ ಅರ್ಥವಲ್ಲವೆ?

ಕಡೆಯಲ್ಲಿ ಹ್ಯಾಮಂಡರು ಎಲ್ಸಾಳ ತಂದೆಯನ್ನು ಕೊಂದು ಹೊಂಚುಹಾಕಿರುವಾಗ, ತಪ್ಪಿಸಿಕೊಂಡು ಹೋಗಿದ್ದ ಗಿಲ್ ತಾನಾಗಿಯೇ ಮರಳಿ ಬರುತ್ತಾನೆ. ಇಬ್ಬರು ಮುದುಕರೂ ಭುಜಕ್ಕೆ ಭುಜ ಕೊಟ್ಟು ಬಯಲಿನಲ್ಲಿ ಶತ್ರುಗಳನ್ನು ಎದುರಿಸುತ್ತಾರೆ. ಮರಣಾಂತಿಕವಾಗಿ ಗಾಯಗೊಂಡ ಜಡ್ಡನಿಗೆ, ಚಿನ್ನವನ್ನು ನಿನ್ನಂತೆಯೇ ತಲುಪಿಸುವೆನೆಂದು ಗಿಲ್ ಮಾತು ಕೊಡುತ್ತಾನೆ. ಅದು ತನಗೆ ಮೊದಲಿನಿಂದಲೂ ಗೊತ್ತು, ನೀನೇ ಕೆಲಕಾಲ ಮರೆತಿದ್ದೆ ಎಂಬರ್ಥದ ಮಾತನ್ನಾಡಿ, ಬೆಟ್ಟಗಳತ್ತ ಒಮ್ಮೆ ನೋಡಿ, ಜಡ್ ಪ್ರಾಣ ಬಿಡುತ್ತಾನೆ.

ಜಡ್ಡನಾಗಿ ಜೋಯಲ್ ಮೆಕ್ರೀ, ಗಿಲ್ಲನಾಗಿ ರಾಂಡಾಲ್ಫ್ ಸ್ಕಾಟ್ ಅಭಿನಯಿಸಿದರು. ಸ್ಕಾಟರಿಗೆ ಇದೇ ಕೊನೆಯ ಚಿತ್ರವಾಯಿತು. ತಯಾರಕ ಸಂಸ್ಥೆಯು ಇದನ್ನು ಜೋಡಿಪ್ರದರ್ಶನದ ಎರಡನೆಯ ಚಿತ್ರವಾಗಿ ಅಲಕ್ಷ್ಯದಿಂದ ಬಿಡುಗಡೆ ಮಾಡಿತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಕ್ಕೆ ಇದು ಸೇರಿತು.

ಮಿತ್ರನ ತಪ್ಪಿಗೆ ಪಾಲುಗಾರನಾಗುವುದು ಸ್ನೇಹವಲ್ಲ. ತಪ್ಪು ಮಾಡಿದವನಲ್ಲಿಯೂ ಹಿಂದಿನ ಮನುಷ್ಯನು ಬದುಕಿರುವನೆಂಬ ನಂಬಿಕೆಯನ್ನು ಬಿಡುವುದೂ ಸ್ನೇಹವಲ್ಲ. ಜಡ್ ಗೆಳೆಯನ ಕೈಗಳನ್ನು ಕಟ್ಟಿದನು, ಕಡೆಗೆ ಅದೇ ಕೈಗಳಿಗೆ ಚಿನ್ನವನ್ನು ಒಪ್ಪಿಸಿದನು. ಈ ಎರಡನ್ನೂ ಮಾಡಬಲ್ಲ ಮಿತ್ರನೊಬ್ಬನಿರುವವನು ಭಾಗ್ಯಶಾಲಿ. ಅಂತಹ ಮಿತ್ರನಾಗಬಲ್ಲವನು ಇನ್ನೂ ದೊಡ್ಡವನು.