ಜಾವಾ ಕಡತ ತೆರೆಯದಿದ್ದಾಗ

ಸಂಬಳ, ಗುತ್ತಿಗೆಯ ಹಣ ಮುಂತಾದವುಗಳಿಂದ ಮೂಲದಲ್ಲಿಯೇ ಕಡಿತಗೊಳಿಸಿದ ಆದಾಯ ತೆರಿಗೆಯ ವಿವರಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾಗುತ್ತದೆ. ನಾಶಿಕ್ ಜಿಲ್ಲೆಯ ದಿಂಡೋರಿಯ ಕಚೇರಿಗೂ ಬೆಳಗಾವಿಯ ಸಂಸ್ಥೆಗೂ ಈ ನಿಯಮ ಒಂದೇ. ತಡವಾದರೆ ದಿನವೊಂದಕ್ಕೆ 200 ರೂಪಾಯಿಗಳಂತೆ ಶುಲ್ಕ ತೆರಬೇಕು. ಈ ಪಟ್ಟಿಯನ್ನು ಸಿದ್ಧಪಡಿಸಲು ಪ್ರೋಟಿಯನ್ ಸಂಸ್ಥೆಯು ಉಚಿತವಾಗಿ ಒದಗಿಸಿರುವ ತಂತ್ರಾಂಶವು ಜಾವಾ ಆಧಾರಿತವಾದುದು. ಕೊನೆಯ ದಿನ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆಯದಿದ್ದರೆ ಶುಲ್ಕದ ಹೊರೆ ಬೀಳಬಹುದು.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಹೊರತಂದ ಜಾವಾ ಭಾಷೆಯ ಕಡತಗಳು ಸಾಮಾನ್ಯವಾಗಿ ತಾವಾಗಿಯೇ ನಡೆಯುವುದಿಲ್ಲ; ಅವುಗಳನ್ನು ನಡೆಸುವ ಜಾವಾ ರನ್‌ಟೈಮ್ ಗಣಕದಲ್ಲಿ ಇರಬೇಕು. ಕಂಟ್ರೋಲ್ ಪ್ಯಾನೆಲ್‌ನ ತಂತ್ರಾಂಶಗಳ ಪಟ್ಟಿಯಲ್ಲಿ ಅದಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಇದ್ದರೂ ಆವೃತ್ತಿ ಹಳೆಯದಾಗಿರಬಹುದು. ಜಾವಾ 17ಕ್ಕಾಗಿ ರೂಪಿಸಿದ ಕಡತ ಜಾವಾ 8ರಲ್ಲಿ ನಡೆಯದು.

ಜಿಪ್ ರೂಪದಲ್ಲಿ ಬಂದ ತಂತ್ರಾಂಶವನ್ನು ಪೂರ್ಣವಾಗಿ ಬಿಚ್ಚಿದ ನಂತರವೇ ಬಳಸಬೇಕು. ಕೆಲವೊಮ್ಮೆ ವಿನ್‌ರಾರ್‌ನಂತಹ ತಂತ್ರಾಂಶವು ಜಾರ್ ಕಡತವನ್ನು ಬರಿಯ ಗಂಟೆಂದು ಭಾವಿಸಿ ತೆರೆದುಬಿಡುತ್ತದೆ. ಆಗ ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, 'ಓಪನ್ ವಿತ್' ಎಂಬಲ್ಲಿ ಜಾವಾವನ್ನು ಆರಿಸಬೇಕು.

ಜಾವಾವನ್ನೂ ತಂತ್ರಾಂಶವನ್ನೂ ಅಧಿಕೃತ ತಾಣಗಳಿಂದಲೇ ಪಡೆದು, ಗಡುವಿಗೆ ವಾರ ಮೊದಲೇ ತೆರೆದು ಪರೀಕ್ಷಿಸುವುದು ಶ್ರೇಯಸ್ಕರ.