ಹಾರ್ಡ್ ಡಿಸ್ಕ್‌ಗಳಿಗೆ ಮನೆಯಲ್ಲೇ ಒಂದು ಗೂಡು

ಮಗುವಿನ ನಾಮಕರಣ, ಊರಿನ ಜಾತ್ರೆ, ಅಜ್ಜಿಯ ಮಾತು ಎಲ್ಲವೂ ಈಗ ಹಾರ್ಡ್ ಡಿಸ್ಕ್‌ಗಳಲ್ಲೇ ಇವೆ. ಮೇಜಿನ ಮೇಲೆ ಹರಡಿಕೊಂಡ ನಾಲ್ಕು 3.5 ಇಂಚಿನ ಡಿಸ್ಕ್‌ಗಳನ್ನು ಅಲ್ಯುಮಿನಿಯಂ ಪಟ್ಟಿಗಳ ರ್‍ಯಾಕ್ ಮಾಡಿ ಕೂರಿಸುವುದು ಕಷ್ಟವೇನಲ್ಲ.

ಎರಡು ಡಿಸ್ಕ್‌ಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ, ಎದುರಿಗೆ 120 ಮಿ.ಮೀ. ಫ್ಯಾನ್ ಇಡಿ. ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿದರೆ ಒಂದರ ಅದುರು ಇನ್ನೊಂದಕ್ಕೆ ಅಷ್ಟಾಗಿ ತಗಲದು.

ವಿದ್ಯುತ್ತಿನ ಲೆಕ್ಕ ಮುಖ್ಯ. ತಿರುಗಲು ಶುರುವಾಗುವಾಗ ಒಂದೊಂದು ಡಿಸ್ಕ್ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕಕ್ಕೆ 8 ಆಂಪಿಯರ್, ಅಂದರೆ 96 ವಾಟ್! ಇದರ ಜೊತೆಗೆ 5 ವೋಲ್ಟ್‌ನ ಪಾಲೂ ಇದೆ. ಆದ್ದರಿಂದ ಕಂಪ್ಯೂಟರಿನ ಒಳ್ಳೆಯ ಪವರ್ ಸಪ್ಲೈಯನ್ನೇ ಬಳಸಿ. ಸಾಮಾನ್ಯ ಸಾಟಾ ಕೇಬಲ್ 1 ಮೀಟರ್, ಇ-ಸಾಟಾ ಕೇಬಲ್ 2 ಮೀಟರ್ ಮೀರಬಾರದು. ಜೋಡಿಸುವ ಮುನ್ನ ಪವರ್ ಆರಿಸಿ.

ಎರಡು ಡಿಸ್ಕ್‌ಗಳನ್ನು ರೇಡ್ ಮೂಲಕ ಒಂದರ ಪ್ರತಿ ಇನ್ನೊಂದಾಗಿ ಜೋಡಿಸಿದರೂ ಅದು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಫೋಟೋ ಎರಡರಲ್ಲೂ ಅಳಿಯುತ್ತದೆ. ಕಳ್ಳತನ, ಬೆಂಕಿ, ನೀರಿಗೂ ರ್‍ಯಾಕ್ ಒಂದೇ! ಮುಂದಿನ ಸಲ ಊರಿಗೆ ಹೋದಾಗ ಒಂದು ಪ್ರತಿಯನ್ನು ಅಣ್ಣನ ಮನೆಯ ಬೀರುವಿನಲ್ಲಿಟ್ಟು ಬನ್ನಿ.